ಕೊನೆಗಾರನಿಗೆ ಯಾವಾಗ ರಿಟೈರ್‌ಮೆಂಟು?

ಗೌಡ್ರೇ, ಕೊಟ್ಟಿಗೆ ಕೆಲಸ ಮುಗೀತಾ? ಹಾಗಿದ್ರೆ ಸ್ವಲ್ಪ ಬೇಲಿ ಹತ್ರ ಬನ್ನಿ, ಮಾತಾಡೋದಿದೆ. ನಿಮ್ಮ ಮಗಳು ಕಾಲೇಜಿನ ಸಮೀಕ್ಷೆಗೆ ಅಂತ ಬರೆದ ಪ್ರಶ್ನೆಗಳನ್ನ ಕೊಟ್ಟು, 'ಮೇಷ್ಟ್ರೇ, ನೋಡಿ ತಿದ್ದಿ ಕೊಡಿ' ಅಂದಿದ್ಲು. ಪೂರ್ತಿ ಓದಿದೆ. ಜೀವಮಾನ ಪೂರ್ತಿ ದುಡಿದವರು ಕೆಲಸ ಬಿಡೋ ಕಾಲ ಹೇಗಿರುತ್ತೆ ಅನ್ನೋದು ಅವಳ ವಿಷಯ. ಭಾಳ ಒಳ್ಳೇ ವಿಷಯ. ಮಂಡಗದ್ದೆ, ಕೋಣಂದೂರು, ಆಗುಂಬೆ ಕಡೆಯಲ್ಲೆಲ್ಲ 60 ದಾಟಿದವರ ಮನೆಗೆ ಹೋಗ್ತಾಳಂತೆ. ಆದ್ರೆ ಮೊದಲನೇ ಪ್ರಶ್ನೆಯಲ್ಲೇ ನನಗೆ ಯೋಚನೆ ಹತ್ತಿತು: 'ನೀವು ನಿವೃತ್ತರಾಗಿದ್ದೀರಾ? ಹೌದು / ಇಲ್ಲ.'

ನನ್ನಂಥವನಿಗೆ ಇದು ಸಲೀಸು. ರಾಜ್ಯ ಸರ್ಕಾರಿ ನೌಕರನಿಗೆ 60 ತುಂಬಿದ ತಿಂಗಳ ಕೊನೇ ದಿನ ಬಿಡುಗಡೆ. 2008ಕ್ಕೆ ಮುಂಚೆ 58 ಇತ್ತು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಜೂನ್ 1 ಅಂತ ಬರೆಸಿದ್ದವರೆಲ್ಲ ಮೇ 31ಕ್ಕೇ ಹಾರ ಹಾಕಿಸಿಕೊಂಡು ಮನೆಗೆ ಬರ್ತಾರೆ. ದಿನ ಗೊತ್ತು, ಆದೇಶ ಇದೆ, ತಿಂಗಳಿಗೆ ಪೆನ್ಷನ್ ಬರುತ್ತೆ. ಇದೇ ಪ್ರಶ್ನೆಗೆ ನೀವು ಎಂತ ಹೇಳ್ತೀರಿ?

'ಎಂತ ಹೇಳೋದು ಮೇಷ್ಟ್ರೇ? ತೋಟ ಈಗ ಮಗನದ್ದೇ. ಆದ್ರೂ ಬೆಳಿಗ್ಗೆ ಒಂದು ಸುತ್ತು ಹಾಕಿ ಬರದಿದ್ರೆ ಸಮಾಧಾನ ಇಲ್ಲ. ಮಂಡಿಗೆ ಯಾವಾಗ ಅಡಿಕೆ ಹಾಕೋದು ಅಂತ ಅವನೂ ನನ್ನನ್ನೇ ಕೇಳ್ತಾನೆ.'

ನೋಡಿದ್ರಾ? ಇದನ್ನ 'ಹೌದು' ಅಂತ ಬರೀತಾಳೋ 'ಇಲ್ಲ' ಅಂತಲೋ? ಇನ್ನು ನಿಮ್ಮ ತೋಟದ ಕೊನೆಗಾರನ ವಿಷಯ ತಗೊಳ್ಳಿ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋಕೆ, ಆಮೇಲೆ ಕೊನೆ ಇಳಿಸೋಕೆ ಮರ ಹತ್ತಿದವನು. ಮಂಡಿ ನೋವು ಬಂದಮೇಲೆ ಮರ ಹತ್ತೋದು ಬಿಟ್ಟ, ಕೆಳಗೆ ನಿಂತು ಹಗ್ಗದಲ್ಲಿ ಜಾರಿ ಬರೋ ಕೊನೆ ಹಿಡಿಯೋಕೆ ಶುರು ಮಾಡಿದ. ಅದೂ ಆಗದಿದ್ದಾಗ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ. ಈಗ ಅಂಗಳದಲ್ಲಿ ಅಡಿಕೆ ಕಾಯ್ತಾನೆ. ಅವನು ಕೆಲಸ ಬಿಟ್ಟಿದ್ದು ಯಾವತ್ತು? ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದವನಿಗೆ ಒಂದೇ ದಿನಾಂಕ ಕೊಡು ಅಂದ್ರೆ ಎಲ್ಲಿಂದ ತರ್ತಾನೆ?

ಈ ಕಷ್ಟ ದೊಡ್ಡ ದೊಡ್ಡ ಲೆಕ್ಕದವರಿಗೂ ಇದೆ. 2011ರ ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ದುಡಿದವರು ಮುಖ್ಯ ದುಡಿಮೆಗಾರರು, ಕಡಿಮೆ ದುಡಿದವರು ಅಲ್ಪಾವಧಿ ದುಡಿಮೆಗಾರರು. ಕೇಂದ್ರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಾದ್ರೆ, ಹಿಂದಿನ ಏಳು ದಿನದಲ್ಲಿ ಯಾವುದಾದ್ರೂ ಒಂದು ದಿನ ಒಂದು ಗಂಟೆ ದುಡಿದಿದ್ರೂ ಸಾಕು, ಅವನು ಕೆಲಸದಲ್ಲಿದ್ದಾನೆ ಅಂತಲೇ. ಅಳತೆ ಬೇರೆಯಾದ್ರೂ ಎರಡರಲ್ಲೂ ಒಂದು ಗುಣ ಇದೆ: ಎಷ್ಟು ದಿನದೊಳಗೆ, ಎಷ್ಟು ಹೊತ್ತು ಅನ್ನೋದನ್ನ ಮೊದಲೇ ಹೇಳಿಬಿಡ್ತಾರೆ. ನಮ್ಮ ಹುಡುಗಿಯೂ ಹಾಗೇ ಕೇಳಲಿ. 'ಕಳೆದ ಕೊನೆ ಕೊಯ್ಲಿನಲ್ಲಿ ನೀವು ಯಾವ ಕೆಲಸ ಮಾಡಿದ್ರಿ? ಐದು ವರ್ಷದ ಹಿಂದೆ ಮಾಡ್ತಿದ್ದು ಈಗ ಬಿಟ್ಟಿದ್ದು ಯಾವುದು? ಯಾಕೆ ಬಿಟ್ರಿ?' ಇದಕ್ಕೆ ಯಾರೂ ತಡವರಿಸೋದಿಲ್ಲ. ಅವರವರ ಕೈಕಾಲು ಮಾಡಿದ ಕೆಲಸ ಅವರಿಗೆ ನೆನಪಿರುತ್ತೆ.

ಇನ್ನೊಂದು ಪ್ರಶ್ನೆ ಓದ್ತೀನಿ: 'ಕೆಲಸ ಬಿಟ್ಟ ನಂತರ ನೀವು ನೆಮ್ಮದಿಯಾಗಿ ಮತ್ತು ಹಣದ ತೊಂದರೆಯಿಲ್ಲದೆ ಇದ್ದೀರಾ?' ನೆಮ್ಮದಿ ಇದ್ದು ದುಡ್ಡಿಲ್ಲದವನು ಎಂತ ಹೇಳಬೇಕು? ಎರಡು ಪ್ರಶ್ನೆ ಮಾಡಲಿ. ದುಡ್ಡಿನ ಮಾತಿಗೆ ನೇರವಾಗಿ, 'ಹೋದ ತಿಂಗಳು ಮಾತ್ರೆ ತರೋಕೆ ದುಡ್ಡು ಯಾರು ಕೊಟ್ರು?' ಅಂತ ಕೇಳಲಿ. ಸೊಸೆ ಎದುರಿಗಿದ್ದಾಗ 'ಮಕ್ಕಳು ಚೆನ್ನಾಗಿ ನೋಡ್ಕೊಳ್ತಾರಲ್ವಾ?' ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? 'ಅಲ್ವಾ' ಸೇರಿದ ಕೂಡಲೇ ಉತ್ತರ ನಾವೇ ಹೇಳಿಕೊಟ್ಟ ಹಾಗೆ.

ಹೆಂಗಸರ ವಿಷಯಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲ. 2011ರ ಜನಗಣತಿಯಲ್ಲೂ ಬರೀ ಮನೆಗೆಲಸ ಮಾಡ್ತೀನಿ ಅಂದವಳು ದುಡಿಯದವರ ಪಟ್ಟಿಗೇ ಸೇರಿದ್ಲು. ಪೆನ್ಷನ್‌ದಾರರೂ ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿದ್ರು. ನಮ್ಮ ಅತ್ತಿಗೆಗೆ ಎಪ್ಪತ್ತಾದ್ರೂ ಸುಲಿಯೋ ಆಳುಗಳಿಗೆ ನಡುರಾತ್ರಿ ಚಾ ಕಾಯಿಸಿ ಕೊಡೋದು ತಪ್ಪಿಲ್ಲ. 'ಒಲೆ ಮುಂದಿನ ಕೆಲಸ ಯಾರಿಗೆ ವಹಿಸಿದ್ರಿ, ಯಾವಾಗಿಂದ?' ಅಂತ ಒಂದು ಪ್ರಶ್ನೆ ಸೇರಿಸಲೇಬೇಕು.

ವಯಸ್ಸನ್ನೂ ಕೆಳಗಿಳಿಸಲಿ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೇಶಾದ್ಯಂತ 72,000ಕ್ಕೂ ಹೆಚ್ಚು ಜನರನ್ನ ಕೇಳಿ ವೃದ್ಧಾಪ್ಯದ ಸಮೀಕ್ಷೆ ಮಾಡಿತು. ಅವರು 45ರಿಂದಲೇ ಶುರು ಮಾಡಿದ್ರು. ಅದು ಸರಿ. ಕೊನೆಗಾರ ಐವತ್ತಕ್ಕೇ ಮರದಿಂದ ಇಳೀತಾನೆ, ಕೂಲಿ ಅಲ್ಲೇ ಅರ್ಧ ಆಗುತ್ತೆ. ವೃದ್ಧಾಪ್ಯ ವೇತನಕ್ಕೆ 60 ಆಗಬೇಕು, ಸಂಧ್ಯಾ ಸುರಕ್ಷೆಗೆ 65. ಆ ನಡುವಿನ ವರ್ಷಗಳನ್ನ ಅವನು ಹೇಗೆ ಕಳೀತಾನೆ ಅನ್ನೋದು 60 ದಾಟಿದವರನ್ನ ಮಾತ್ರ ಕೇಳಿದ್ರೆ ಅರ್ಧಂಬರ್ಧ ಗೊತ್ತಾಗುತ್ತೆ.

'ಹಾಗಾದ್ರೆ ಅವಳು ಎಲ್ಲ ಹೊಸದಾಗಿ ಬರೀಬೇಕಾ ಮೇಷ್ಟ್ರೇ?'

ಬರೀಲಿ, ಹುಷಾರಿ ಹುಡುಗಿ. ಬರೆದ ಮೇಲೆ ಪ್ರಿಂಟ್ ಹಾಕೋ ಮುಂಚೆ ನಾಲ್ಕು ಥರದ ನಾಲ್ಕು ಜನರಿಗೆ ಓದಿ ಹೇಳಲಿ: ಒಬ್ಬ ಪೆನ್ಷನ್‌ದಾರ, ಒಬ್ಬ ತೋಟದವರು, ಒಬ್ಬ ಕೂಲಿ ಮಾಡೋನು, ಒಬ್ಬ ಅಜ್ಜಿ. 'ನಾನು ಕೇಳಿದ್ದು ನಿಮಗೆ ಎಂತ ಅಂತ ಅರ್ಥ ಆಯ್ತು, ನಿಮ್ಮ ಮಾತಲ್ಲೇ ಹೇಳಿ' ಅನ್ನಲಿ. ನಾಲ್ವರೂ ಒಂದೇ ಅರ್ಥ ಹೇಳಿದ್ರೆ ಆ ಪ್ರಶ್ನೆ ಉಳೀಲಿ, ಇಲ್ಲದಿದ್ರೆ ತಿದ್ದಲಿ. ನಲವತ್ತು ವರ್ಷ ದುಡಿದವರು ನಮಗೋಸ್ಕರ ಅರ್ಧ ಗಂಟೆ ಕೂತು ಉತ್ತರ ಹೇಳ್ತಾರೆ. ಅವರ ಬದುಕು ಹಾಳೆಯ ಮೇಲೆ ಇದ್ದ ಹಾಗೇ ಬರಬೇಕು, ಆ ಹೊಣೆ ಕೇಳುವವರದ್ದು. ಭಾನುವಾರ ಅವಳನ್ನ ಕಳಿಸಿ, ಕೂತು ಒಟ್ಟಿಗೆ ಬರೆಯೋಣ.