ಎಡೆದೊರೆ ನಾಡಿನ ಕಡಲತಡಿ: ಒಂದು ದಿನದ ಅಧ್ಯಯನ ಪ್ರವಾಸದ ಪ್ರೌಢ ಮೀಮಾಂಸೆ

1. ಪೀಠಿಕೆ

ಚಾರಿತ್ರಿಕ ಕರಾವಳಿ ರಾಷ್ಟ್ರೀಯ ಉದ್ಯಾನವೊಂದಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಬೇಕು, ಮರುದಿನ ವರದಿ ಒಪ್ಪಿಸಬೇಕು. ಇದು ನಮಗೆ ಒದಗಿಬಂದ ವಿಷಯ. ರಾಯಚೂರು ಬಳಿಯ ನಮ್ಮ ಯರಗೇರಾದಿಂದ ಅರಬ್ಬೀ ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ. ಮಂಜೂರಾದ ಭತ್ಯೆ ರಾಯಚೂರು ಮುಟ್ಟುವಷ್ಟರಲ್ಲೇ ತೀರುತ್ತದೆ. ಇಂಥ ಸಂಕಟದಲ್ಲಿ ಸಾಮಾನ್ಯ ಮನುಷ್ಯ ರಜೆ ಹಾಕುತ್ತಾನೆ. ಸಂಶೋಧಕನಾದವನು ಕಡಲನ್ನೇ ಹತ್ತಿರಕ್ಕೆ ಕರೆಸುತ್ತಾನೆ.

2. ಪೂರ್ವಪಕ್ಷ

‘ರಾಯಚೂರಿಗೆ ಕಡಲೆಲ್ಲಿಯದು?’ ಎಂಬುದು ಪಾಮರರ ಆಕ್ಷೇಪ. ಅದಕ್ಕೆ ಸಮಾಧಾನ ಹೀಗೆ. ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಇವುಗಳಲ್ಲಿ ಕಡಲಿಗೆ ತಾಗಿದ್ದು ಒಂದೂ ಇಲ್ಲ. ಅಂದರೆ ಕರಾವಳಿ ಉದ್ಯಾನದ ಸ್ಥಾನ ಬಸ್ಸಿನ ಖಾಲಿ ಸೀಟಿದ್ದಂತೆ. ಕಿಟಕಿಯಿಂದ ಮೊದಲು ಟವೆಲ್ ಎಸೆದವರಿಗೆ ಅದು ಸಲ್ಲುತ್ತದೆ. ಈ ಪ್ರಬಂಧವೇ ನಮ್ಮ ಟವೆಲ್.

3. ಪ್ರಮಾಣಗಳು

ಪ್ರತ್ಯಕ್ಷ: ರಾಯಚೂರು ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದ ಉಲ್ಲೇಖವಿದೆ. ಇಲ್ಲದ ಸಮುದ್ರವನ್ನು ರೈಲ್ವೆಯವರು ಅಳೆದದ್ದಾದರೂ ಹೇಗೆ? ಸಾಲದ್ದಕ್ಕೆ, 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ್ದು ಇದೇ ಊರಿನಲ್ಲಿ. ಪಡುಗಡಲು, ಮೂಡುಗಡಲುಗಳ ಸಂಗಮ ಇಲ್ಲೇ ಆಯಿತೆಂದು ಇದರಿಂದ ಸಿದ್ಧ.

ಅನುಮಾನ: ಹೊಗೆ ಇದ್ದಲ್ಲಿ ಬೆಂಕಿ, ಉಪ್ಪು ಇದ್ದಲ್ಲಿ ಕಡಲು. ಮಾನ್ವಿ, ಸಿಂಧನೂರು ಕಡೆ ಹೊಲ ಸವುಳಾಗಿ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಭತ್ತಕ್ಕೆ ಮನಸೋಇಚ್ಛೆ ಕಟ್ಟಿ, ಹೆಚ್ಚಾದ ನೀರು ಬಸಿದು ಹೋಗಲು ದಾರಿಯಿಲ್ಲದೆ, ಅಂತರ್ಜಲ ಮೇಲೇರಿ ಉಪ್ಪನ್ನು ಎಳೆದು ತಂದಿತೆಂದು ಕೃಷಿ ವಿಜ್ಞಾನಿಗಳು ವಿವರಿಸುತ್ತಾರೆ. ಅವರ ವಿವರಣೆ ಸರಿಯಾಗಿಯೇ ಇದೆ. ಆದರೆ ನಮ್ಮ ಪ್ರಮೇಯಕ್ಕೆ ಒದಗುವುದಿಲ್ಲವಾದ್ದರಿಂದ ಕೈಬಿಡಲಾಗಿದೆ.

ಶಬ್ದ: 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರು ಕೋಟೆ ಗೆದ್ದಾಗ, ಪೋರ್ಚುಗೀಸ್ ಕ್ರಿಸ್ಟೊವಾವೊ ಡಿ ಫಿಗೆರೆಡೊ ಕೋವಿಯವರೊಂದಿಗೆ ಜೊತೆಗಿದ್ದು ಗೋಡೆಯ ಮೇಲಿದ್ದವರಿಗೆ ಗುಂಡಿಟ್ಟ. ಇದನ್ನು ಬರೆದಿಟ್ಟವನು ಪೋರ್ಚುಗೀಸನೇ ಆದ ನೂನಿಜ್. ಹಡಗಿನ ಜನ ನೀರಿಲ್ಲದ ಕಡೆ ಕಾಲಿಡುತ್ತಾರೆಯೇ?

4. ಕ್ಷೇತ್ರಕಾರ್ಯ

ಮಂತ್ರಾಲಯ ರಸ್ತೆಯಲ್ಲಿ ಟಂಟಂ ಹಿಡಿದು ಹೊರಟೆವು. ಸಂಶೋಧನೆಯ ಉದ್ದೇಶ ತಿಳಿಸಿದಾಗ ಚಾಲಕ ಮಹಾಶಯ, “ಸಮುದ್ರ ಗಿಮುದ್ರ ನಂಗೊತ್ತಿಲ್ರಿ ಸರ. ಮಾವಿನಕೆರಿ ದಂಡಿಗೆ ಇಳೀತೀರಂದ್ರ ಹತ್ತು ರೂಪಾಯಿ ಜಾಸ್ತಿ ಆಗ್ತದ ನೋಡ್ರಿ” ಎಂದ. ದಂಡೆ ಇದೆಯೆಂದು ಸ್ಥಳೀಯರೇ ಒಪ್ಪಿದಂತಾಯಿತು. ಹತ್ತು ರೂಪಾಯಿಯನ್ನು ಸಾಕ್ಷಿ ವೆಚ್ಚದಲ್ಲಿ ತೋರಿಸಿದೆವು.

ಉದ್ಯಾನವೆಂದು ನಾವು ಗೊತ್ತುಮಾಡಿದ ಕೋಟೆಯ ಸಸ್ಯಸಂಪತ್ತು: ಬಳ್ಳಾರಿ ಜಾಲಿ, ಬೇವು, ಮತ್ತೆ ಬಳ್ಳಾರಿ ಜಾಲಿ. ಪ್ರಾಣಿಸಂಪತ್ತು: ಕೋತಿ, ಆಡು, ಗಿಳಿ. ಮೊಸಳೆ ಬೇಕೆನ್ನುವವರು ಕೃಷ್ಣೆಗೆ ಹೋಗತಕ್ಕದ್ದು. ಅಲ್ಲಿ ನಿಜವಾಗಿಯೂ ಇವೆ. ಜಲಚರಗಳ ಅಭಾವದಲ್ಲಿ ಮಿರ್ಚಿ ಭಜಿ, ಮಂಡಾಳ ಒಗ್ಗರಣಿಗಳನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಮಾದರಿ ಉಳಿದಿಲ್ಲ.

ಒಳಕೋಟೆಯ ಪಶ್ಚಿಮದ ಗೋಡೆಯ ಮುಂದೆ ಮಾತ್ರ ನಮ್ಮ ಪಾಂಡಿತ್ಯ ತುಸು ಬಾಯಿ ಮುಚ್ಚಿತು. ನಲವತ್ತೊಂದು ಅಡಿಗೂ ಮಿಕ್ಕಿದ ಒಂದೇ ಕಲ್ಲು. ಕಾಕತೀಯರ ಕಡೆಯ ಗೋನ ಗನ್ನಯ ರೆಡ್ಡಿಯ ದಂಡನಾಯಕ ವಿಠ್ಠಲನಾಥ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಅದರ ಮೇಲೆ ತೆಲುಗಿನಲ್ಲಿ ಬರೆಸಲಾಗಿದೆ. ಪಕ್ಕದಲ್ಲೇ ಗೀಚಿದಂಥ ಒಂದು ಚಿತ್ರ: ಉದ್ದನೆಯ ಗಾಡಿ, ಅದರ ಮೇಲೆ ಇದೇ ಕಲ್ಲು, ಮುಂದೆ ಕೋಣಗಳ ಸಾಲು, ಹಿಂದೆ ಸನ್ನೆಗೋಲು ಹಾಕಿ ಮೀಟುವ ಆಳುಗಳು. ರಾಜನ ಬಿರುದಿನ ಜೊತೆಗೆ ಕೋಣದ ದುಡಿಮೆಯನ್ನೂ ಕಲ್ಲಿಗೆ ಹಾಕಿದ ಆ ಶಿಲ್ಪಿ ನಮ್ಮೆಲ್ಲರಿಗಿಂತ ಪ್ರಾಮಾಣಿಕ ಸಂಶೋಧಕ.

5. ಸಿದ್ಧಾಂತ ಮತ್ತು ಶಿಫಾರಸು

ರಾಯಚೂರು ಕೋಟೆ ಚಾರಿತ್ರಿಕವೆಂಬುದು ಶಾಸನಸಿದ್ಧ. ಕರಾವಳಿಯೆಂಬುದು ನಮ್ಮ ವಾದಸಿದ್ಧ. ರಾಷ್ಟ್ರೀಯ ಉದ್ಯಾನವೆಂಬುದು ಜಾಲಿಸಿದ್ಧ. ಸಮುದ್ರ ತರಿಸುವ ಪ್ರಸ್ತಾವ ಕಡತದಲ್ಲಿ ಸಾಗುತ್ತಿರಲಿ. ಅಷ್ಟರೊಳಗೆ ಜಾಲಿ ಕಡಿಸಿದರೆ ಸಾಕು, ಕೋಟೆಗೆ ಬೇರೆ ಬಿರುದು ಬೇಕಿಲ್ಲ. ಓದುಗರು ಗೋವಾಕ್ಕೆ ಟಿಕೆಟ್ ತೆಗೆಯುವ ಮುನ್ನ ಒಂದು ಬೆಳಿಗ್ಗೆ ರಾಯಚೂರಿನಲ್ಲಿ ಇಳಿದು ಆ ಕಲ್ಲನ್ನು ನೋಡಿ ಹೋಗಿ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು.