ಬಾಗಿಲಿಗೆ ಬೀಗ, ಬಡ್ಡಿಗೆ ಡ್ಯೂಟಿ

2025ರ ಅಕ್ಟೋಬರ್ 14

ಅಮೆರಿಕದ ಕಾಂಗ್ರೆಸ್ಸಿನ ಮಾನ್ಯ ಸದಸ್ಯರಿಗೆ, ಎರಡೂ ಪಕ್ಷದವರಿಗೆ,

ಮೂರು ವಾರ ಕಾದು ಸಿಕ್ಕಿದ್ದ ಅಪಾಯಿಂಟ್‌ಮೆಂಟಿಗೆ ಇವತ್ತು ಬೆಳಿಗ್ಗೆ ಎಪ್ಪತ್ತು ಮೈಲಿ ಕಾರು ಓಡಿಸಿದೆ. ಜೊತೆಗೆ ಹೆಂಡತಿ, ಅವಳ ಪಾಸ್‌ಪೋರ್ಟು, ಒಂದು ಡಬ್ಬಿ ಚಿತ್ರಾನ್ನ. ತೆರಿಗೆ ಕಚೇರಿಗೆ ಬೀಗ. ಗಾಜಿನ ಮೇಲೊಂದು ಚೀಟಿ: ಸರ್ಕಾರಕ್ಕೆ ದುಡ್ಡು ಮಂಜೂರಾಗಿಲ್ಲ. ಚಿತ್ರಾನ್ನವನ್ನು ಪಾರ್ಕಿಂಗ್ ಜಾಗದಲ್ಲೇ ತಿಂದೆವು. ಅಷ್ಟಾದರೂ ಕೆಲಸವಾಯಿತು.

ನಿಮ್ಮ ಖರ್ಚಿನ ಮಸೂದೆ ಪಾಸಾಗದೆ ಅಕ್ಟೋಬರ್ 1ರಿಂದ ಸರ್ಕಾರಕ್ಕೆ ದುಡ್ಡಿಲ್ಲ. 8ರಂದು ತೆರಿಗೆ ಇಲಾಖೆಯ ಸುಮಾರು 34,000 ನೌಕರರು, ಹೆಚ್ಚುಕಡಿಮೆ ಅರ್ಧ ಇಲಾಖೆ, ಸಂಬಳವಿಲ್ಲದೆ ಮನೆ ಸೇರಿದರು. ಪುಕ್ಕಟೆ ದುಡಿಯುತ್ತೇನೆಂದರೂ ಕಾನೂನು ಒಪ್ಪದು. ಹೀಗೇ ಬೀಗ ಬಿದ್ದಿದ್ದ 2019ರ ಜನವರಿಯಲ್ಲಿ ಇದೇ ಇಲಾಖೆಯ ಸಾವಿರಾರು ಜನರನ್ನು ಸಂಬಳವಿಲ್ಲದೆ ಕೆಲಸಕ್ಕೆ ಕರೆಸಿದಾಗ ಒಪ್ಪಿತ್ತು! ಬಾಕಿ ಸಂಬಳ ಕೊಡುತ್ತೇವೆಂದು ಆ ವರ್ಷ ನೀವೇ ಕಾನೂನು ಮಾಡಿದಿರಿ. ಈಗ ಶ್ವೇತಭವನ ಅದಕ್ಕೂ ತಕರಾರು ತೆಗೆದಿದೆ. ನಿಮ್ಮ 1,74,000 ಡಾಲರ್ ವಾರ್ಷಿಕ ಸಂಬಳ ಮಾತ್ರ ನಿಲ್ಲುವುದಿಲ್ಲ.

ಇನ್ನೊಬ್ಬರು ಡ್ಯೂಟಿಯಲ್ಲಿದ್ದಾರೆ: ಬಡ್ಡಿ. ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 7ರಂತೆ ದಿನವೂ ಏರುತ್ತಿದೆ. ನಾಳೆ, 15ನೇ ತಾರೀಕು, ರಿಟರ್ನ್ ಸಲ್ಲಿಸಲು ವಿಸ್ತರಿಸಿದ ಗಡುವು. ಅದಕ್ಕೂ ರಜೆಯಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ ನಮ್ಮ ಕಡೆ. ನಿಮ್ಮ ಜಗಳದಲ್ಲಿ ಬಡವಾದ ಕೂಸೇ ಬಡ್ಡಿಯನ್ನೂ ಕಟ್ಟಬೇಕು.

ಹೋಗಲಿ, ಬಡ್ಡಿ ಕಟ್ಟೋಣ. ಪಾಸ್‌ಪೋರ್ಟಿನ ಗತಿಯೇನು? ಡಿಪೆಂಡೆಂಟ್ ವೀಸಾದ ಹೆಂಡತಿಗೆ ರಿಟರ್ನಿಗಾಗಿ ತೆರಿಗೆ ಸಂಖ್ಯೆ ಬೇಕು. ಕಚೇರಿಯಲ್ಲಾದರೆ ಪಾಸ್‌ಪೋರ್ಟ್ ನೋಡಿ ಕೈಗೇ ವಾಪಸ್ ಕೊಡುತ್ತಾರೆ. ಎಪ್ಪತ್ತು ಮೈಲಿ ಹೋಗಿದ್ದೇ ಅದಕ್ಕೆ. ಪಾಸ್‌ಪೋರ್ಟ್ ಪರಿಶೀಲಿಸುವ ಅಧಿಕೃತ ಏಜೆಂಟರನ್ನು ಹುಡುಕೋಣವೆಂದರೆ ಗಡುವು ನಾಳೆ. ಕೊನೆಗೆ ಅಸಲು ಪಾಸ್‌ಪೋರ್ಟನ್ನೇ ರಿಟರ್ನಿನ ಜೊತೆ ಲಕೋಟೆಗೆ ಹಾಕಿ ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ಇಲಾಖೆಯ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಅಂಚೆಯವರು ತಮ್ಮ ಗಳಿಕೆಯಲ್ಲೇ ಬದುಕುತ್ತಾರೆ, ಹಾಗಾಗಿ ಅವರ ಬಾಗಿಲು ಇನ್ನೂ ತೆರೆದಿದೆ. ಆದರೆ ಆಸ್ಟಿನ್‌ನಲ್ಲಿ ಆ ಲಕೋಟೆ ಒಡೆಯುವವರು ಯಾರು ಸ್ವಾಮಿ? ಬಡ್ಡಿಯೇ?

ವಾಪಸ್ ಬರುವಾಗ ಎಪ್ಪತ್ತು ಮೈಲಿಯೂ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ. ನಾನು ನಿಮ್ಮನ್ನು ಬೈಯುತ್ತಾ ಬಂದೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಡಿಸೆಂಬರಿನಲ್ಲಿ ಹಾಸನದಲ್ಲಿ ಅವಳ ತಂಗಿಯ ಮದುವೆ. ಟಿಕೆಟ್ ಆಗಿದೆ. ಅಷ್ಟರೊಳಗೆ ಆ ಪಾಸ್‌ಪೋರ್ಟ್ ವಾಪಸ್ ಕಳಿಸುವವರನ್ನು ಕೆಲಸಕ್ಕೆ ಕರೆಸಿ, ಅವರಿಗೆ ಸಂಬಳವನ್ನೂ ಕೊಡಿ. ಜಗಳ ಆಮೇಲೆ ಮುಂದುವರಿಸಿ.

ಇಂತಿ,
ಬಡ್ಡಿ ಕಟ್ಟುತ್ತಿರುವ ಒಬ್ಬ ತೆರಿಗೆದಾರ