ದೇವರ ಮೇಲೆ ಭಾರ, ಸೀಟಿನ ಮೇಲೆ ಟವೆಲ್

ರಾಯಚೂರು ಬಿಟ್ಟು ಪಡುವಣಕ್ಕೆ ಹೊರಟ ಬಸ್ಸು ಕಲ್ಮಲಕ್ಕೆ ಬಂದಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಒಂದು ದಾರಿ ಮಾನ್ವಿ, ಸಿಂಧನೂರಿನ ಕಡೆ. ಇನ್ನೊಂದು ದೇವದುರ್ಗದ ಮೇಲೆ ತಿಂಥಣಿ ಬ್ರಿಡ್ಜಿಗೆ. ಕರಿಯಪ್ಪ ತಾತನ ಊರಾದ್ದರಿಂದ ಬಸ್ಸು ನಿಧಾನಿಸಿದ್ದೇ ತಡ, ಹಲವರ ಕೈ ಎದೆಗೆ, ಅಲ್ಲಿಂದ ಹಣೆಗೆ ಹೋಗುತ್ತದೆ. “ಏನೈತ್ರೀ ನಮ್ಮ ಕೈಯಾಗ? ಎಲ್ಲಾ ತಾತ ನಡೆಸಿದಂಗ” ಎಂದು ಪಕ್ಕದ ಹಿರಿಯರು ಉಸಿರು ಬಿಡುತ್ತಾರೆ. ಅದೇ ಹಿರಿಯರು ಅರ್ಧ ತಾಸಿನ ಹಿಂದೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸು ಇನ್ನೂ ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದವರು. ಅವರನ್ನು ನಾನು ದೂರುತ್ತಿಲ್ಲ. ಬದುಕನ್ನು ತಾತನಿಗೆ ಬಿಡಬಹುದು, ಕಿಟಕಿ ಪಕ್ಕದ ಸೀಟನ್ನು ಬಿಡುವುದು ಹೇಗೆ?

ನಮ್ಮ ಶರಣಾಗತಿ ಬಹುಮಟ್ಟಿಗೆ ಇಂಥದ್ದೇ. ಭಾರವನ್ನು ದೇವರ ಹೆಗಲಿಗೆ ಹಾಕುತ್ತೇವೆ, ಹಗ್ಗದ ತುದಿ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಮಗನಿಗೆ ನೌಕರಿ ಆಗಲಿ, ಆದರೆ ಬೀದರಿಗೆ ಹಾಕಬಾರದು. ಮಳೆ ಬರಲಿ, ಆದರೆ ಹತ್ತಿ ಬಿಡಿಸಿ ಮುಗಿದ ಮೇಲೆ ಬರಲಿ. ಹೀಗೆ ವಿವರವಾಗಿ ಸೂಚನೆ ಕೊಟ್ಟು, ಕೊನೆಗೆ “ನಿನ್ನ ಚಿತ್ತ” ಎಂದು ಕಾಯಿ ಒಡೆಯುತ್ತೇವೆ. ಕಾಯಿ ಕೆಟ್ಟಿದ್ದರೆ ಇನ್ನೊಂದು ತರಿಸುತ್ತೇವೆ.

ತಮಾಷೆಯೆಂದರೆ, ಕಲ್ಮಲದಲ್ಲಿ ಒಡೆಯುವ ಎರಡೂ ದಾರಿಗಳು ಶರಣಾಗತಿಯಲ್ಲಿ ಪಳಗಿದವರ ಸೀಮೆಗೇ ಹೋಗುತ್ತವೆ. ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರದು, ಬ್ಯಾಗವಾಟ ಜಗನ್ನಾಥದಾಸರದು. ಈ ಮೂವರನ್ನು ಒಂದೇ ದಾರಕ್ಕೆ ಕಟ್ಟಿದ್ದು ಒಂದು ಹೊಟ್ಟೆನೋವು.

ಆಗಿನ್ನೂ ಜಗನ್ನಾಥದಾಸರು ದಾಸರಾಗಿರಲಿಲ್ಲ. 1728ರಲ್ಲಿ ಹುಟ್ಟಿದ ಅವರು ಮಾನ್ವಿಯ ಶ್ರೀನಿವಾಸಾಚಾರ್ಯರು, ಸಂಸ್ಕೃತದಲ್ಲಿ ಗಟ್ಟಿ ಪಂಡಿತರು. ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಹಾಡಿಕೊಂಡು ತಿರುಗುವವರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಹಿರಿಯರಾದ ವಿಜಯದಾಸರು ಮಾನ್ವಿಗೆ ಬಂದಾಗ ಪ್ರಸಾದಕ್ಕೆ ಬನ್ನಿರೆಂದು ಕರೆಕಳಿಸಿದರಂತೆ. ಊಟ ತಡವಾದರೆ ತಮಗೆ ಹೊಟ್ಟೆನೋವು ಬರುತ್ತದೆ ಎಂದು ಆಚಾರ್ಯರು ಹೇಳಿಕಳಿಸಿದರು. ಬೇಡದ ಊಟ ತಪ್ಪಿಸಿಕೊಳ್ಳಲು ಇವತ್ತಿಗೂ ನಾವು ಹೇಳುವ ನೆಪ ಇದೇ. ಈಗ ಅದಕ್ಕೆ ಗ್ಯಾಸ್ಟ್ರಿಕ್ ಎನ್ನುತ್ತೇವೆ. ಆದರೆ ಆಚಾರ್ಯರ ನೆಪ ನಿಜವಾಯಿತು. ಹೊಟ್ಟೆನೋವು ಬಂದೇ ಬಂತು, ಬಂದದ್ದು ಹೋಗಲಿಲ್ಲ.

ಮುಂದಿನದನ್ನು ದಾಸರ ಚರಿತ್ರೆ ಹೇಳುವವರು ಬಲು ರಸವಾಗಿ ಹೇಳುತ್ತಾರೆ. ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಸೇವೆಗೆ ಕೂತರು. ಇಲ್ಲಿ ಕೆಲಸ ಆಗದೆಂದು ಮೇಲಿನ ಆಫೀಸಿಗೆ ಅರ್ಜಿ ಕೊಟ್ಟರೆ, ಅದು ಸುತ್ತಿ ಬಂದು ನಾವು ಜಗಳಾಡಿದ್ದ ಗುಮಾಸ್ತರ ಮೇಜಿನ ಮೇಲೇ ಬೀಳುತ್ತದಲ್ಲ, ಹಾಗಾಯಿತು ಅವರ ಗತಿ. ರಾಯರು ಸ್ವಪ್ನದಲ್ಲಿ ಬಂದು ವಿಜಯದಾಸರ ಕಡೆಗೇ ಬೆರಳು ತೋರಿಸಿದರು. ವಿಜಯದಾಸರೋ, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿ ಕಳಿಸಿದರು. ಗುರುವಿನ ಮನೆಯ ಊಟ ಒಲ್ಲೆನೆಂದವರು ಶಿಷ್ಯನ ಮನೆಯ ಬಾಗಿಲಲ್ಲಿ ನಿಂತರು. ಅಲ್ಲಿ ಅವರ ಕೈಗೆ ಸಿಕ್ಕ ಔಷಧ ಜೋಳದ ರೊಟ್ಟಿ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪವಾಡಕ್ಕಿಂತ ಆ ಊಟದ ಕರೆ. ದೇವರು ದಾರಿ ತೋರಿಸಿದರೆ ಯಾರು ಬೇಡವೆನ್ನುತ್ತಾರೆ? ಆಚಾರ್ಯರೂ ಎನ್ನುತ್ತಿರಲಿಲ್ಲ, ಅವರ ದೈವಭಕ್ತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಅಶರೀರವಾಣಿಯಾಗಿ, ಒಳ್ಳೆಯ ಸಂಸ್ಕೃತದಲ್ಲಿ ಬರಬೇಕಿದ್ದ ಅಪ್ಪಣೆ ಮಧ್ಯಾಹ್ನದ ಹೊತ್ತು ಕನ್ನಡದಲ್ಲಿ, “ಊಟಕ್ಕೆ ಬರ್ರಿ” ಎಂದು ಬಂತು. ನಾವು ತಕರಾರು ತೆಗೆಯುವುದು ದೇವರ ಮೇಲಲ್ಲ, ಆತ ಕಳಿಸಿದ ಆಳಿನ ಮೇಲೆ. ಹೆಂಡತಿ ಹೇಳಿದ್ದು, ಕಿರಿ ತಮ್ಮ ಹೇಳಿದ್ದು, ಕಂಡಕ್ಟರ್ ಹೇಳಿದ್ದು ದೈವಸಂಕಲ್ಪವೆಂದು ಒಪ್ಪುವುದು ಯಾರಿಂದಾದೀತು? “ಇದು ದೇವದುರ್ಗ ಬಸ್ಸೈತ್ರೀ ಯಜಮಾನ್ರ, ಮಾನ್ವಿಗೆ ಹೋಗಲ್ಲ” ಎಂದು ಕಂಡಕ್ಟರ್ ಕೂಗುತ್ತಿದ್ದರೂ, “ಹೋಗ್ತೈತಿ, ನೀ ಸುಮ್ನ ನಡಿಯೋ ತಮ್ಮಾ” ಎಂದು ಹತ್ತಿ ಕೂರುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ಅವರನ್ನು ಕಲ್ಮಲದಲ್ಲಿ ಇಳಿಸುತ್ತಾರೆ. ಇಳಿಯುವಾಗಲೂ ಅವರ ಮುಖದಲ್ಲಿ, ದಾರಿ ತಪ್ಪಿದ್ದು ಬಸ್ಸೇ ಎಂಬ ಧೀರ ಭಾವ.

ಶರಣಾಗುವುದೆಂದರೆ ಕೈಕಟ್ಟಿ ಕೂರುವುದೆಂದು ತಿಳಿದವರಿಗೆ ನಮ್ಮ ಸೀಮೆ ತಿಳಿಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ರೈತರೆಲ್ಲ ದೇವರನ್ನು ನೆನೆದರು. ನೆನೆಯುತ್ತಲೇ ಟಿವಿ ಮುಂದೆ ಕೂತು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವುದನ್ನು ಇಂಜಿನಿಯರುಗಳಿಗಿಂತ ಸೂಕ್ಷ್ಮವಾಗಿ ನೋಡಿದರು. ಪೂಜೆಯೂ ನಡೆಯಿತು, ಕ್ರೇನೂ ನಡೆಯಿತು. ಮಾನ್ವಿ, ರಾಯಚೂರಿನ ಕಡೆಯವರು ಆ ಕಾಲುವೆಯ ಕೊನೆಭಾಗದವರು. ದೇವರನ್ನೂ ಗೇಜನ್ನೂ ಒಟ್ಟಿಗೇ ನಂಬಿ ಅವರಿಗೆ ಅಭ್ಯಾಸವಿದೆ. ನೀರು ಬಾರದಿದ್ದರೆ ದೇವರ ಮೇಲೆ ಭಾರ ಹಾಕಿಯೇ ರಸ್ತೆ ತಡೆಗೆ ಕೂರುತ್ತಾರೆ.

ನೋವು ಕಳೆದುಕೊಂಡ ಆಚಾರ್ಯರೂ ಸುಮ್ಮನೆ ಕೂರಲಿಲ್ಲ. ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮುಳುಗಿ ಎದ್ದು, ‘ಜಗನ್ನಾಥ ವಿಠಲ’ ಎಂಬ ಅಂಕಿತ ಪಡೆದು ಬಂದರು. ಆಮೇಲೆ ‘ಹರಿಕಥಾಮೃತಸಾರ’ ಬರೆದರು. ಭಾಮಿನಿ ಷಟ್ಪದಿ, 32 ಸಂಧಿ, ಎಲ್ಲವೂ ತಾವು ಮೂಗು ಮುರಿದಿದ್ದ ಕನ್ನಡದಲ್ಲೇ. ಒಂದು ಹೊತ್ತಿನ ಊಟಕ್ಕೆ ಹೋಗಿದ್ದರೆ ಇಷ್ಟು ದುಡಿಮೆ ತಪ್ಪುತ್ತಿತ್ತೋ ಏನೋ.

ಇನ್ನು ಗೋಪಾಲದಾಸರು. ಬರೀ ರೊಟ್ಟಿ ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಅಲ್ಪಾಯುವಾಗಿದ್ದ ಆಚಾರ್ಯರಿಗೆ, ಗುರು ಹೇಳಿದರೆಂದು, ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟರೆಂದು ಪರಂಪರೆ ನಂಬುತ್ತದೆ. ಅವರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು 1809ರವರೆಗೆ ಬಾಳಿದರು. ನಂಬುವವರು ಲೆಕ್ಕ ಸರಿಹೋಯಿತೆನ್ನುತ್ತಾರೆ, ನಂಬದವರು ಲೆಕ್ಕ ಹಾಕಲು ಹೋಗುವುದಿಲ್ಲ. ನನಗೆ ಕಾಣುವುದಿಷ್ಟು: ಊಟಕ್ಕೆ ಹೋಗದಿರಲು ಒಬ್ಬರು ನೆಪ ಹೇಳಿದ ಅದೇ ಕಥೆಯಲ್ಲಿ, ಇನ್ನೊಬ್ಬರು ಯಾಕೆ, ಎಷ್ಟು ಎಂದು ಕೇಳದೆ ಆಯುಷ್ಯವನ್ನೇ ತೆಗೆದುಕೊಟ್ಟಿದ್ದಾರೆ. ‘ಭಕ್ತಿಯಲ್ಲಿ ಭಾಗಣ್ಣ’ ಎಂದು ಜನ ಅವರ ಹುಟ್ಟುಹೆಸರು ಹಿಡಿದು ಇಂದಿಗೂ ಕರೆಯುತ್ತಾರೆ. ಆ ಸಾಲಿನಲ್ಲಿ ನಿಲ್ಲುವ ಆಸೆ ನನಗಿಲ್ಲ. ಊಟಕ್ಕೆ ಕರೆದರೆ ಹೋಗುವ ಮಟ್ಟಿಗೆ ತಯಾರಿದ್ದೇನೆ.

ಆ ರೊಟ್ಟಿಯ ಜೊತೆ ಪಲ್ಯ ಏನಿತ್ತು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪುಂಡಿಪಲ್ಯ ಎಂದು ನನ್ನ ವಾದ. ದೇವದುರ್ಗದ ಗೆಳೆಯರೊಬ್ಬರು ಎಣ್ಣೆಗಾಯಿ ಎನ್ನುತ್ತಾರೆ. ಉಳ್ಳಾಗಡ್ಡಿ ಇರಲಿಲ್ಲವೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಮಾನ್ವಿಯ ಹಿರಿಯರೊಬ್ಬರನ್ನು ಕೇಳಿದರೆ, ಅದು ಚಾತುರ್ಮಾಸ್ಯದ ಶಾಕವ್ರತದ ತಿಂಗಳಾಗಿದ್ದರೆ ಪಲ್ಯದ ಮಾತೇ ಏಳುವುದಿಲ್ಲ ಎಂದು ಇಬ್ಬರ ಬಾಯನ್ನೂ ಮುಚ್ಚಿಸಿದರು.